ಮೈಗೆ ಇನ್ನೂ ರಜೆ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಕರ್ನಾಟಕದ ಶಾಲೆಗಳಿಗೆ ಬೀಗ ಬೀಳುತ್ತದೆ. ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ನಡುವಿನ ವಾರಗಳು ಮಕ್ಕಳ ಪಾಲಿಗೆ ವರ್ಷದ ಅತಿ ಸೊಗಸಾದ ಕಾಲ. ಅಜ್ಜಿಮನೆ, ಮಾವಿನಹಣ್ಣು, ಮದುವೆಮನೆ, ಊರ ಜಾತ್ರೆ, ರಾತ್ರಿ ಹನ್ನೊಂದರವರೆಗೆ ಐಪಿಎಲ್ ಪಂದ್ಯ, ಅದು ಮುಗಿದ ಮೇಲೆ ತಾರಸಿಯಲ್ಲಿ ಹಾಸಿಗೆ ಹಾಸಿಕೊಂಡು ಅಣ್ಣತಮ್ಮಂದಿರ ಜೊತೆ ಮುಗಿಯದ ಮಾತು. ಹತ್ತಕ್ಕೆ ಮಲಗುತ್ತಿದ್ದವರು ಹನ್ನೊಂದಕ್ಕೆ, ಆಮೇಲೆ ಹನ್ನೆರಡಕ್ಕೆ, ಕೊನೆಗೆ ಒಂದಕ್ಕೆ ಮಲಗುತ್ತಾರೆ. ಏಳುವ ಹೊತ್ತೂ ಅದರ ಹಿಂದೆಯೇ ಜಾರಿ ಹತ್ತಕ್ಕೆ ಬಂದು ನಿಲ್ಲುತ್ತದೆ.

ಆಮೇಲೆ ಒಂದು ದಿನ ಬೆಳಿಗ್ಗೆ ಆರಕ್ಕೆ ಅಲಾರಂ. ಮಗು ಏಳುವುದಿಲ್ಲ. ಎಬ್ಬಿಸಿ ಕೂರಿಸಿದರೆ ಕೂತಲ್ಲೇ ತೂಕಡಿಸುತ್ತದೆ. ತಿಂಡಿ ಸೇರುವುದಿಲ್ಲ, ಸಣ್ಣ ಮಾತಿಗೂ ಅಳು ಬರುತ್ತದೆ. ರಜೆ ಸಿಕ್ಕಿ ಸೋಮಾರಿಯಾಗಿದೆ ಎಂದು ಮನೆಯವರು ಬೈಯುತ್ತಾರೆ. ಕಚೇರಿಗೆ ಮರಳುವ ದೊಡ್ಡವರೂ ತಮ್ಮನ್ನು ತಾವು ಹೀಗೆಯೇ ಬೈದುಕೊಳ್ಳುತ್ತಾರೆ.

ಈ ಬೈಗುಳಕ್ಕೆ ವಿಜ್ಞಾನದ ಬೆಂಬಲವಿಲ್ಲ. ಒಂದಕ್ಕೆ ಮಲಗಿ ಹತ್ತಕ್ಕೆ ಏಳುವ ರೂಢಿ ವಾರಗಟ್ಟಲೆ ನಡೆದಾಗ ದೇಹದ ಒಳಗಿನ ರಾತ್ರಿಯೂ ಅಲ್ಲಿಗೇ ಸರಿದಿರುತ್ತದೆ. ನಮ್ಮ ಮೈಯ ಉಷ್ಣತೆ ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಅದು ತೀರಾ ಕೆಳಗಿರುವುದು ನಾವು ತಾನಾಗಿ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು. ಒಳಗಿನ ರಾತ್ರಿಯ ಅತ್ಯಂತ ಆಳವಾದ ಗಳಿಗೆ ಅದೇ. ಹತ್ತಕ್ಕೆ ಏಳುವ ಹುಡುಗಿಗೆ ಆ ಗಳಿಗೆ ಬರುವುದು ಬೆಳಿಗ್ಗೆ ಏಳರಿಂದ ಎಂಟರ ನಡುವೆ. ಆರಕ್ಕೆ ಅವಳನ್ನು ಎಬ್ಬಿಸಿದಾಗ ಗೋಡೆಯ ಗಡಿಯಾರದಲ್ಲಿ ಬೆಳಗಾಗಿದೆ, ಅವಳ ಮೈಯೊಳಗೆ ನಡುರಾತ್ರಿಯೂ ಪೂರ್ತಿ ಕಳೆದಿಲ್ಲ. ಎಂಟಕ್ಕೆ ಪ್ರಾರ್ಥನೆಯ ಸಾಲಿನಲ್ಲಿ ನಿಂತವಳ ಮೆದುಳು ಇನ್ನೂ ಹಾಸಿಗೆ ಬಿಟ್ಟಿಲ್ಲ.

ಮೈಯೊಳಗೆ ಗಡಿಯಾರವಿದೆ ಎಂಬ ಮಾತು ಹೊಳೆದದ್ದು ಒಂದು ಗಿಡದಿಂದ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ ಜಾಕ್ ದೋರ್ಟೂ ದ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಬೆಳಕು ಸುಳಿಯದ ಕಡೆ ಇಟ್ಟು ನೋಡಿದ. ಬಿಸಿಲೇ ಕಾಣದಿದ್ದರೂ ಗಿಡ ಹಗಲು ಹೊತ್ತಿನಲ್ಲಿ ಎಲೆ ಬಿಚ್ಚುತ್ತಿತ್ತು, ರಾತ್ರಿ ಹೊತ್ತಿನಲ್ಲಿ ಮಡಚುತ್ತಿತ್ತು. ಹೊರಗಿನ ಹಗಲು ರಾತ್ರಿಯ ಸುಳಿವಿಲ್ಲದೆ ಅದು ಲೆಕ್ಕ ಇಡುತ್ತಿತ್ತು.

ಮನುಷ್ಯರಲ್ಲೂ ಹೀಗೆ ಇದೆಯೇ ಎಂದು ತಿಳಿಯಲು ಗುಹೆ ಹೊಕ್ಕವರಲ್ಲಿ ನೇಥನೀಲ್ ಕ್ಲೈಟ್‌ಮನ್ ಮೊದಲಿಗರ ಸಾಲಿಗೆ ಸೇರಿದವನು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನಿದ್ರೆಯನ್ನೇ ಅಧ್ಯಯನ ಮಾಡುತ್ತಿದ್ದ ಈತ 1938ರ ಬೇಸಿಗೆಯಲ್ಲಿ ತನ್ನ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್ ಜೊತೆ ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗೆ ಇಳಿದ. ಅಲ್ಲಿ ಸದಾ ಕತ್ತಲೆ, ಸದಾ ಸುಮಾರು 12 ಡಿಗ್ರಿ ಸೆಲ್ಸಿಯಸ್ ಚಳಿ. ಇಬ್ಬರೂ 32 ದಿನ ಒಳಗಿದ್ದರು. ದಿನಕ್ಕೆ 24 ಗಂಟೆಯ ಬದಲು 28 ಗಂಟೆ ಎಂದು ತಾವೇ ನಿಯಮ ಮಾಡಿಕೊಂಡು ಅದರಂತೆ ಎದ್ದರು, ಉಂಡರು, ಮಲಗಿದರು. ಹಾಗೆ ಮಾಡಿದರೆ ಏಳು ದಿನದ ವಾರ ಆರೇ ದಿನಕ್ಕೆ ಮುಗಿಯುತ್ತದೆ. ಇಪ್ಪತ್ತರ ಹರೆಯದ ರಿಚರ್ಡ್‌ಸನ್‌ನ ಮೈ ಒಂದು ವಾರದೊಳಗೆ ಹೊಸ ದಿನಕ್ಕೆ ಒಗ್ಗಿತು. ನಲವತ್ತು ದಾಟಿದ್ದ ಕ್ಲೈಟ್‌ಮನ್‌ನ ಮೈ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅವನ ಉಷ್ಣತೆ 24 ಗಂಟೆಗೊಮ್ಮೆಯೇ ಏರಿಳಿಯಿತು. ನಿಯಮದ ಪ್ರಕಾರ ಮಲಗಬೇಕಾದಾಗ ನಿದ್ರೆ ಬಾರದು, ಕೆಲಸ ಮಾಡಬೇಕಾದಾಗ ಕಣ್ಣು ಎಳೆಯುತ್ತಿತ್ತು. ತನ್ನ ಮೇಲೆ ತಾನೇ ಪ್ರಯೋಗ ಹೂಡಿದ ವಿಜ್ಞಾನಿಗೇ ಸಂಕಲ್ಪದಿಂದ ಮೈಯನ್ನು ಬಗ್ಗಿಸಲು ಆಗಲಿಲ್ಲ. ಶಾಲೆಯ ಮೊದಲ ದಿನ ಮಗುವಿಗೆ ಮನಸ್ಸು ಗಟ್ಟಿ ಮಾಡಿಕೋ ಎಂದು ಹೇಳುವವರು ಈ ಗುಹೆಯನ್ನು ನೆನೆಯಬೇಕು.

ಫ್ರಾನ್ಸಿನ ಮಿಶೆಲ್ ಸಿಫ್ರೆ ಇನ್ನೂ ಮುಂದೆ ಹೋದ. 1962ರಲ್ಲಿ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಗಡಿಯಾರವಿಲ್ಲದೆ ಒಬ್ಬನೇ ಎರಡು ತಿಂಗಳಿದ್ದ. ಸೆಪ್ಟೆಂಬರ್ 14ರಂದು ಅವನನ್ನು ಮೇಲಕ್ಕೆ ಕರೆದಾಗ ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20. ಮನಸ್ಸು 25 ದಿನಗಳನ್ನೇ ಕಳೆದುಕೊಂಡಿತ್ತು. ಆದರೆ ಅವನು ಮಲಗಿ ಎದ್ದ ದಾಖಲೆ ನೋಡಿದರೆ ಮೈ ಸುಮಾರು 24 ಗಂಟೆ 30 ನಿಮಿಷಕ್ಕೊಂದು ದಿನದಂತೆ ನಡೆದುಕೊಂಡು ಬಂದಿತ್ತು. ಮುಂದೆ 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಝೈಸ್ಲರ್ ತಂಡ ಬೆಳಕನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟು ಅಳೆದಾಗ ಮನುಷ್ಯರ ಒಳದಿನ ಸರಾಸರಿ 24 ಗಂಟೆ 11 ನಿಮಿಷ ಎಂದು ತಿಳಿಯಿತು.

ಹನ್ನೊಂದು ನಿಮಿಷ ಎಂದರೆ ಅಲ್ಪ ಅನ್ನಿಸಬಹುದು. ರಜೆಯ ರಹಸ್ಯವೆಲ್ಲ ಅದರಲ್ಲೇ ಅಡಗಿದೆ. ಹೊರಗಿನ ದಿನಕ್ಕಿಂತ ಒಳಗಿನ ದಿನ ತುಸು ಉದ್ದ. ಆದ್ದರಿಂದ ತಡೆಯುವವರಿಲ್ಲದಿದ್ದರೆ ಹೆಚ್ಚಿನವರ ಮೈ ತಡಕ್ಕೇ ಜಾರುತ್ತದೆ, ಬೇಗಕ್ಕೆ ಜಾರುವವರು ಕಡಿಮೆ. ಅದರ ಮೇಲೆ ರಾತ್ರಿಯ ದೀಪ ಮತ್ತು ಪರದೆಯ ಬೆಳಕು ಬಿದ್ದರೆ ಜಾರುವಿಕೆ ಇನ್ನೂ ಜೋರು. ತಡವಾಗಿ ಮಲಗುವುದನ್ನು ಯಾರಿಗೂ ಕಲಿಸಬೇಕಿಲ್ಲ. ಹಿಂದಕ್ಕೆ ತರುವಾಗ ಮಾತ್ರ ದಿನದಿನವೂ ಈ ಹೆಚ್ಚುವರಿ ನಿಮಿಷಗಳ ಎದುರು ಈಜಬೇಕು. ವಿಮಾನದಲ್ಲಿ ಪಶ್ಚಿಮಕ್ಕೆ ಹೋದವರಿಗಿಂತ ಪೂರ್ವಕ್ಕೆ ಹೋದವರಿಗೆ ಸುಧಾರಿಸಿಕೊಳ್ಳಲು ಹೆಚ್ಚು ದಿನ ಬೇಕಾಗುವುದೂ ಇದೇ ಕಾರಣಕ್ಕೆ. ರಜೆ ಮುಗಿಸಿ ಶಾಲೆಗೆ ಹೋಗುವ ಮಗು ಮನೆ ಬಿಟ್ಟು ಕದಲದೆಯೇ ಪೂರ್ವಕ್ಕೆ ಮೂರು ನಾಲ್ಕು ಗಂಟೆಗಳಷ್ಟು ಪ್ರಯಾಣ ಮಾಡಿದಂತಾಗಿರುತ್ತದೆ.

ಈ ಗಡಿಯಾರ ಇರುವುದು ಮೆದುಳಿನ ಹೈಪೋಥಲಮಸ್ ಭಾಗದಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ. ಸುಮಾರು 20,000 ನರಕೋಶಗಳ ಎರಡು ಪುಟ್ಟ ಗಂಟುಗಳು. 1972ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಇಲಿಗಳಲ್ಲಿ ಈ ಗಂಟುಗಳನ್ನು ನಾಶ ಮಾಡಿ ನೋಡಿದವು. ಇಲಿಗಳ ದಿನಚರಿಯೇ ಚೂರಾಯಿತು. ಒಂದೊಂದು ಕೋಶದ ಒಳಗೂ ಕೆಲವು ಜೀನ್‌ಗಳು ಪ್ರೋಟೀನ್ ತಯಾರಿಸುತ್ತವೆ. ಆ ಪ್ರೋಟೀನ್ ಸಾಕಷ್ಟು ಸೇರಿದ ಮೇಲೆ ತನ್ನನ್ನು ಹುಟ್ಟಿಸಿದ ಜೀನ್‌ನ ಬಾಯಿಯನ್ನೇ ಮುಚ್ಚಿಸುತ್ತದೆ, ಆಮೇಲೆ ಕರಗಿ ಹೋಗುತ್ತದೆ, ಜೀನ್ ಮತ್ತೆ ಕೆಲಸ ಶುರು ಮಾಡುತ್ತದೆ. ಒಂದು ಸುತ್ತಿಗೆ ಸುಮಾರು 24 ಗಂಟೆ. ಹಣ್ಣುನೊಣಗಳಲ್ಲಿ ಈ ಸುತ್ತನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇದೇ ಹಣ್ಣುನೊಣಗಳ ಮೇಲೆ ಗಡಿಯಾರದ ಸಂಶೋಧನೆ ವರ್ಷಗಳಿಂದ ನಡೆದಿದೆ.

ಹೊರಗಿನ ದಿನದ ಸುದ್ದಿ ಈ ಗಂಟಿಗೆ ಮುಟ್ಟುವುದು ಕಣ್ಣಿನ ಮೂಲಕ. ನೋಟಕ್ಕೆ ಬಳಕೆಯಾಗುವ ಕೋಶಗಳ ಜೊತೆಗೆ ಅಕ್ಷಿಪಟಲದಲ್ಲಿ ಬೆಳಕಿನ ಪ್ರಮಾಣವನ್ನಷ್ಟೇ ಅಳೆಯುವ ಬೇರೊಂದು ಬಗೆಯ ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣಕವನ್ನು 1998ರಲ್ಲಿ ಇಗ್ನೇಷಿಯೋ ಪ್ರೊವೆನ್ಸಿಯೋ ಮೊದಲು ಕಂಡದ್ದು ಕಪ್ಪೆಯ ಚರ್ಮದಲ್ಲಿ. ಈ ಕೋಶಗಳು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ದೃಷ್ಟಿ ಕಳೆದುಕೊಂಡವರಲ್ಲಿ ಕೆಲವರಿಗೆ ಈ ಕೋಶಗಳು ಉಳಿದಿರುತ್ತವೆ. ಅಂಥವರ ದಿನಚರಿ ಸೂರ್ಯನ ಜೊತೆ ಸರಿಯಾಗಿ ಸಾಗುತ್ತದೆ. ಬೆಳಕಿನ ಅರಿವು ಪೂರ್ತಿ ಹೋದವರಲ್ಲಿ ಅನೇಕರ ನಿದ್ರೆ ದಿನಕ್ಕಿಷ್ಟು ನಿಮಿಷದಂತೆ ಸರಿಯುತ್ತಾ ತಿಂಗಳುಗಟ್ಟಲೆ ಗಡಿಯಾರವನ್ನೆಲ್ಲ ಸುತ್ತಿ ಬರುತ್ತದೆ.

ಈಗ ಈ ಅಧ್ಯಾಯದ ಮುಖ್ಯ ಮಾತಿಗೆ ಬರೋಣ. ಬೆಳಕು ಗಡಿಯಾರವನ್ನು ತಿದ್ದುತ್ತದೆ ಎಂದರೆ ಸಾಲದು, ಯಾವ ಹೊತ್ತಿನ ಬೆಳಕು ಎಂಬುದೇ ಮುಖ್ಯ. ಉಯ್ಯಾಲೆ ತೂಗಿದವರಿಗೆಲ್ಲ ಗೊತ್ತು, ಅದು ಮುಂದೆ ಹೋಗುವಾಗ ತಳ್ಳಿದರೆ ಜೋರಾಗುತ್ತದೆ, ಹಿಂದೆ ಬರುವಾಗ ಅಷ್ಟೇ ಬಲದಿಂದ ತಳ್ಳಿದರೆ ತಡೆದು ನಿಲ್ಲುತ್ತದೆ. ಬೆಳಕಿನ ತಳ್ಳುವಿಕೆಯೂ ಹಾಗೆಯೇ. ಮೈಯ ಉಷ್ಣತೆ ತೀರಾ ಕೆಳಗಿಳಿದ ಗಳಿಗೆ ಇದೆಯಲ್ಲ, ಅದು ಗಡಿ. ಆ ಗಳಿಗೆಗೆ ಮೊದಲು, ಅಂದರೆ ರಾತ್ರಿಯ ಹೊತ್ತು, ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಇನ್ನಷ್ಟು ತಡಕ್ಕೆ ತಳ್ಳುತ್ತದೆ. ಆ ಗಳಿಗೆ ದಾಟಿದ ಮೇಲೆ ಬಿದ್ದ ಬೆಳಕು ಬೇಗಕ್ಕೆ ಎಳೆಯುತ್ತದೆ.

ಹತ್ತಕ್ಕೆ ಏಳುವ ಹುಡುಗಿಯ ಗಡಿ ಏಳು ಎಂಟರ ನಡುವೆ ಇದೆ ಎಂದು ಮೊದಲೇ ಹೇಳಿದೆ. ಶಾಲೆ ತೆರೆಯುವ ದಿನ ನೇರವಾಗಿ ಆರಕ್ಕೆ ಎಬ್ಬಿಸಿ ಕಿಟಕಿ ತೆರೆದು ಬೆಳಕು ಬಿಟ್ಟರೆ ಆ ಬೆಳಕು ಅವಳ ಮೈಗೆ ರಾತ್ರಿಯ ಬೆಳಕಾಗಿಯೇ ಮುಟ್ಟುತ್ತದೆ. ಸಹಾಯ ಮಾಡುವ ಬದಲು ಇನ್ನಷ್ಟು ತಡಕ್ಕೆ ತಳ್ಳಬಹುದು. ಒಂದೇ ಏಟಿಗೆ ಸರಿ ಮಾಡುವ ಪ್ರಯತ್ನ ಎಷ್ಟೋ ಮನೆಗಳಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಅದರ ಬದಲು ಮೊದಲ ದಿನ ಒಂಬತ್ತೂವರೆಗೆ ಎಬ್ಬಿಸಿ ಕೂಡಲೇ ಹೊರಗೆ ಕಳಿಸಿದರೆ ಬೆಳಕು ಗಡಿಯ ಸರಿಯಾದ ಮಗ್ಗುಲಲ್ಲಿ ಬೀಳುತ್ತದೆ. ಗಡಿ ಸ್ವಲ್ಪ ಹಿಂದೆ ಸರಿಯುತ್ತದೆ. ಮರುದಿನ ಒಂಬತ್ತಕ್ಕೆ, ಅದರ ಮರುದಿನ ಎಂಟೂವರೆಗೆ. ದಿನಕ್ಕೆ ಅರ್ಧ ಗಂಟೆಯಂತೆ ಹತ್ತರಿಂದ ಆರೂವರೆಗೆ ಬರಲು ಏಳು ದಿನ ಸಾಕು. ಮೈ ಇದಕ್ಕಿಂತ ಬಹಳ ವೇಗವಾಗಿ ಬೇಗಕ್ಕೆ ಸರಿಯಲಾರದು.

ರಾತ್ರಿಯ ಕಡೆಯಿಂದ ಶುರು ಮಾಡಿದವರಿಗೆ ಮತ್ತೊಂದು ತೊಡಕು. ನಾಳೆ ಶಾಲೆ ಎಂದು ಒಂಬತ್ತಕ್ಕೇ ದೀಪ ಆರಿಸಿ ಮಲಗಿಸುತ್ತಾರೆ. ಮಗು ಹೊರಳಾಡುತ್ತದೆ, ನೀರು ಕೇಳುತ್ತದೆ, ಮತ್ತೆ ಎದ್ದು ಬರುತ್ತದೆ. ಇಸ್ರೇಲಿನ ನಿದ್ರಾ ವಿಜ್ಞಾನಿ ಪೆರೆಟ್ಜ್ ಲಾವಿ 1986ರಲ್ಲಿ ಜನರಿಗೆ ದಿನವಿಡೀ ಏಳು ನಿಮಿಷ ಮಲಗಲು, ಹದಿಮೂರು ನಿಮಿಷ ಎಚ್ಚರವಿರಲು ಹೇಳಿ, ಯಾವ ಯಾವ ಹೊತ್ತಿನಲ್ಲಿ ನಿದ್ರೆ ಹತ್ತುತ್ತದೆ ಎಂದು ನೋಡಿದ. ಮಾಮೂಲಾಗಿ ಮಲಗುವ ಹೊತ್ತಿಗೆ ಮುಂಚಿನ ಕೆಲವು ಗಂಟೆಗಳಲ್ಲಿ ನಿದ್ರೆ ಹತ್ತುವುದು ಅತ್ಯಂತ ಕಷ್ಟ ಎಂದು ಕಂಡ. ದಿನವೆಲ್ಲ ದಣಿದ ಮೈಯನ್ನು ರಾತ್ರಿಯವರೆಗೆ ಎಚ್ಚರವಿಡಲು ಗಡಿಯಾರ ಆ ಹೊತ್ತಿನಲ್ಲಿ ತನ್ನ ಶಕ್ತಿಯನ್ನೆಲ್ಲ ಹಾಕುತ್ತದೆ. ಒಂದಕ್ಕೆ ಮಲಗುವ ಮೈಗೆ ಒಂಬತ್ತರಿಂದ ಹನ್ನೆರಡರವರೆಗೆ ನಿದ್ರೆಯ ಬಾಗಿಲೇ ಮುಚ್ಚಿರುತ್ತದೆ. ಬೈದು ಮಲಗಿಸಿದರೂ ತಟ್ಟಿ ಮಲಗಿಸಿದರೂ ಅದು ತೆರೆಯದು. ಬೆಳಿಗ್ಗೆ ಏಳುವ ಹೊತ್ತನ್ನು ಹಿಡಿದುಕೊಂಡರೆ ರಾತ್ರಿ ತಾನಾಗಿ ಹಿಂದೆ ಬರುತ್ತದೆ.

ಮನೆಯೊಳಗಿನ ಬೆಳಕು ನಮಗೆ ಧಾರಾಳವಾಗಿ ಕಾಣುತ್ತದೆ, ಗಡಿಯಾರಕ್ಕೆ ಅದು ಅರೆಗತ್ತಲೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಸಾಮಾನ್ಯವಾಗಿ 100ರಿಂದ 300 ಲಕ್ಸ್ ಬೆಳಕಿರುತ್ತದೆ. ಹೊರಗೆ ನೇರ ಬಿಸಿಲಿನಲ್ಲಿ 1,00,000 ಲಕ್ಸ್. ಮುಂಗಾರಿನ ಮೋಡ ಕವಿದಿದ್ದರೂ ಹಗಲಲ್ಲಿ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮಲೆನಾಡಿನ ಮನೆಯ ಜಗಲಿಯೂ ಈ ಲೆಕ್ಕದಲ್ಲಿ ಬೆಂಗಳೂರಿನ ಅತಿ ಪ್ರಕಾಶಮಾನವಾದ ಹಾಲ್‌ಗಿಂತ ಮೇಲು. 2013ರಲ್ಲಿ ಕೊಲರಾಡೋದ ಕೆನೆತ್ ರೈಟ್ ಎಂಟು ಜನರನ್ನು ಒಂದು ವಾರ ಬೆಟ್ಟದ ಮೇಲೆ ಡೇರೆಯಲ್ಲಿ ಇರಿಸಿದ. ಟಾರ್ಚ್ ಇಲ್ಲ, ಫೋನ್ ಇಲ್ಲ, ಸೂರ್ಯ ಮತ್ತು ರಾತ್ರಿ ಹಾಕಿದ ಬೆಂಕಿ ಮಾತ್ರ. ಕತ್ತಲಾಗುವಾಗ ದೇಹದಲ್ಲಿ ಏರುವ ಮೆಲಟೋನಿನ್ ಹಾರ್ಮೋನು ನಗರದಲ್ಲಿದ್ದಾಗಿನದಕ್ಕಿಂತ ಸುಮಾರು ಎರಡು ಗಂಟೆ ಮೊದಲೇ ಏರತೊಡಗಿತು. ತೀರಾ ತಡವಾಗಿ ಮಲಗುತ್ತಿದ್ದವರೇ ಹೆಚ್ಚು ಬದಲಾದರು. ಯಾರೂ ಅವರಿಗೆ ಬೇಗ ಮಲಗಿ ಎಂದು ಹೇಳಿರಲಿಲ್ಲ.

ಇದರಲ್ಲಿ ಕನ್ನಡ ನಾಡಿನ ಭೂಗೋಳದ ಪಾಲೂ ಇದೆ. ಭಾರತದ ಗಡಿಯಾರ ಓಡುವುದು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಸೂರ್ಯನನ್ನು ನೋಡಿಕೊಂಡು. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಬೆಂಗಳೂರು ಅದಕ್ಕಿಂತ ಸುಮಾರು 20 ನಿಮಿಷ ಹಿಂದಿದೆ, ಮಂಗಳೂರು 30 ನಿಮಿಷ, ಕಾರವಾರ 33 ನಿಮಿಷ. ಕರಾವಳಿಯ ಮಗುವನ್ನು ಆರಕ್ಕೆ ಎಬ್ಬಿಸಿದಾಗ ಅಲ್ಲಿಯ ಸೂರ್ಯನ ಪ್ರಕಾರ ಇನ್ನೂ ಐದೂವರೆ. ಸಂಜೆಯ ಬೆಳಕೂ ಅಷ್ಟೇ ಹೊತ್ತು ಹೆಚ್ಚು ಉಳಿಯುತ್ತದೆ. ಅದೃಷ್ಟವೆಂದರೆ ನಮ್ಮ ಶಾಲೆಗಳು ತೆರೆಯುವುದು ಸೂರ್ಯ ಬೇಗ ಹುಟ್ಟುವ ಕಾಲದಲ್ಲಿ. ಮೇ ಕೊನೆಗೆ ಬೆಂಗಳೂರಿನಲ್ಲಿ ಆರಕ್ಕೆ ಮುಂಚೆಯೇ ಸೂರ್ಯೋದಯ. ಜನವರಿ ನಡುವಿನಲ್ಲಿ ಅದು ಆರೂಮುಕ್ಕಾಲು. ಡಿಸೆಂಬರ್ ಕೊನೆಯ ರಜೆ ಚಿಕ್ಕದಾದರೂ ಅದರಿಂದ ಮರಳುವುದು ಕೆಲವರಿಗೆ ಹೆಚ್ಚು ಭಾರವೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಹದಿಹರೆಯದವರ ಪಾಡು ಬೇರೆಯೇ. ಮ್ಯೂನಿಕ್‌ನ ಟಿಲ್ ರೋನೆಬರ್ಗ್ ಸಾವಿರಾರು ಜನರ ನಿದ್ರೆಯ ಹೊತ್ತನ್ನು ಕಲೆಹಾಕಿ 2004ರಲ್ಲಿ ತೋರಿಸಿದ ಸಂಗತಿ ಇದು. ಹತ್ತು ಹನ್ನೆರಡರ ವಯಸ್ಸಿನಿಂದ ಒಳಗಿನ ರಾತ್ರಿ ವರ್ಷ ವರ್ಷಕ್ಕೂ ತಡವಾಗುತ್ತಾ ಹೋಗಿ ಇಪ್ಪತ್ತರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟುತ್ತದೆ. ಆಮೇಲೆ ನಿಧಾನವಾಗಿ ಹಿಂದೆ ಬರುತ್ತದೆ. ಹೈಸ್ಕೂಲು ಮತ್ತು ಪಿಯು ಮಕ್ಕಳು ರಾತ್ರಿ ಹನ್ನೆರಡಕ್ಕೂ ಚುರುಕಾಗಿರುವುದು, ಬೆಳಿಗ್ಗೆ ಬಡಿದೆಬ್ಬಿಸಿದರೂ ಏಳದಿರುವುದು ಅವರ ವಯಸ್ಸಿನ ಜೀವಶಾಸ್ತ್ರ. ಇದನ್ನು ತಿಳಿದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಈ ವಯಸ್ಸಿನವರ ಶಾಲೆಗಳು ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂದು ಹೇಳಿತು. ನಮ್ಮಲ್ಲಿ ಬೋರ್ಡ್ ಪರೀಕ್ಷೆಯ ಮಕ್ಕಳಿಗೇ ಬೆಳಗಿನ ಜಾವದ ಟ್ಯೂಷನ್, ವಿಶೇಷ ತರಗತಿ. ನಿದ್ರೆಯಲ್ಲೇ ಮೆದುಳು ಅಂದಿನ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುತ್ತದೆ ಎಂದು ತಿಳಿದ ಮೇಲೂ ನಿದ್ರೆಯನ್ನು ಕಿತ್ತು ಪಾಠ ಹೇಳುವುದು ಸರಿಯಲ್ಲ. ಇದನ್ನು ಬದಲಿಸಲೇಬೇಕು.

ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಸಾಮಾಜಿಕ ಜೆಟ್‌ಲ್ಯಾಗ್ ಎಂಬ ಅಳತೆಯನ್ನೂ ಕೊಟ್ಟರು. ಕೆಲಸದ ದಿನ ನಿಮ್ಮ ನಿದ್ರೆಯ ನಟ್ಟನಡು ಯಾವ ಹೊತ್ತು, ರಜೆಯ ದಿನ ಯಾವ ಹೊತ್ತು, ಎರಡರ ಅಂತರವೇ ಈ ಅಳತೆ. ಹತ್ತೂವರೆಗೆ ಮಲಗಿ ಆರೂವರೆಗೆ ಏಳುವವರ ನಿದ್ರೆಯ ನಡು ಎರಡೂವರೆ. ಒಂದಕ್ಕೆ ಮಲಗಿ ಹತ್ತಕ್ಕೆ ಏಳುವಾಗ ಅದು ಐದೂವರೆ. ಮೂರು ಗಂಟೆಯ ಅಂತರ. ಮೊದಲ ವಾರ ಕಷ್ಟಪಟ್ಟು ಹಿಂದೆ ತಂದದ್ದನ್ನು ಭಾನುವಾರ ಹತ್ತರವರೆಗೆ ಮಲಗಿ ಅರ್ಧ ಕಳೆದುಕೊಳ್ಳುತ್ತೇವೆ. ಸೋಮವಾರ ಮತ್ತೆ ಮೊದಲಿನಿಂದ. ಮೊದಲ ಎರಡು ಭಾನುವಾರಗಳನ್ನಾದರೂ ಕಾಪಾಡಿಕೊಳ್ಳಬೇಕು. ನಿದ್ರೆ ಸಾಲದೆ ಹೋದರೆ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಮಲಗಲಿ, ಬೆಳಗಿನ ಹೊತ್ತು ಬದಲಾಗದಿರಲಿ.

ಬೆಳಕಿನಷ್ಟಲ್ಲದಿದ್ದರೂ ಜೊತೆಗಿರುವವರೂ ಗಡಿಯಾರಕ್ಕೆ ಸುಳಿವು ಕೊಡುತ್ತಾರೆ. ಈ ವಿಷಯದಲ್ಲಿ ಅತಿ ಚಂದದ ಪ್ರಯೋಗ ನಡೆದದ್ದು ನಮ್ಮ ಪಕ್ಕದ ಮದುರೈನಲ್ಲಿ. ಅಲ್ಲಿಯ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದು ಮುಂದೆ ಬೆಂಗಳೂರಿನ ಜಕ್ಕೂರು ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್ ಭಾರತದಲ್ಲಿ ಈ ಒಳಗಡಿಯಾರದ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. 1970ರ ದಶಕದ ಕೊನೆಯಲ್ಲಿ ಅವರೂ ಜಿ. ಮಾರಿಮುತ್ತು ಮತ್ತಿತರರೂ ಬಾವಲಿಯೊಂದನ್ನು ಹಗಲು ರಾತ್ರಿಯ ಬೆಳಕು ತಲುಪದ ಗುಹೆಯೊಳಗೆ ಪಂಜರದಲ್ಲಿ ಇಟ್ಟರು. ಗುಹೆಯಲ್ಲಿ ಅದೇ ಜಾತಿಯ ಬಾವಲಿಗಳು ಸ್ವತಂತ್ರವಾಗಿ ವಾಸವಾಗಿದ್ದವು, ಸಂಜೆ ಹಾರಿ ಹೋಗಿ ಬೆಳಗಿನ ಜಾವ ಮರಳುತ್ತಿದ್ದವು. ಹೊರಗಿನ ಆಕಾಶವನ್ನೇ ಕಾಣದ ಪಂಜರದ ಬಾವಲಿ ಸರಿಯಾಗಿ ಅವುಗಳು ಹೊರಡುವ ಹೊತ್ತಿಗೆ ಚಟುವಟಿಕೆ ಶುರು ಮಾಡುತ್ತಿತ್ತು. ಬಾವಲಿಗಳೇ ಇಲ್ಲದ ಬೇರೆ ಗುಹೆಯಲ್ಲಿ ಇಟ್ಟಾಗ ಅದರ ದಿನ ಹೊರಗಿನ ದಿನದಿಂದ ಕಳಚಿಕೊಂಡು ತನ್ನ ಪಾಡಿಗೆ ತಾನು ಸರಿಯತೊಡಗಿತು. ಸಮೂಹದ ಹೋಗುಬರುವಿಕೆಯೇ ಅದಕ್ಕೆ ಸೂರ್ಯನಾಗಿತ್ತು.

ಮನುಷ್ಯರಿಗೆ ಬೆಳಕೇ ಮುಖ್ಯ ಸುಳಿವು. ಆದರೆ ನಮ್ಮ ಬೆಳಕು, ಊಟ, ಗದ್ದಲ ಎಲ್ಲವನ್ನೂ ನಿರ್ಧರಿಸುವುದು ಮನೆಯ ಉಳಿದವರು. ಹಾಲ್‌ನಲ್ಲಿ ಹನ್ನೊಂದೂವರೆಯವರೆಗೆ ಟಿವಿ ಓಡುತ್ತಿದ್ದರೆ ಒಳಕೋಣೆಯ ಮಗು ಒಂಬತ್ತೂವರೆಗೆ ಮಲಗಲಿ ಎಂದು ಬಯಸುವುದು ವ್ಯರ್ಥ. ಇಡೀ ಮನೆ ಒಟ್ಟಿಗೆ ಹಿಂದೆ ಸರಿಯಬೇಕು. ತುಳುನಾಡಿಗೆ ಈ ಒಟ್ಟಿಗೆ ಸರಿಯುವ ವಿದ್ಯೆ ಗೊತ್ತಿದೆ. ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸಿನಲ್ಲಿ, ಪತ್ತನಾಜೆ. ಅಲ್ಲಿಯವರೆಗೆ ತಿಂಗಳುಗಟ್ಟಲೆ ರಾತ್ರಿಗಳಲ್ಲಿ ಕೋಲ, ನೇಮ, ಜಾತ್ರೆ, ಯಕ್ಷಗಾನ. ಅಂದಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಉತ್ಸವಗಳು ನಿಲ್ಲುತ್ತವೆ, ಮಳೆಗೆ ಮುಂಚೆ ಗದ್ದೆಯ ಕೆಲಸಕ್ಕೆ ಊರೇ ತಿರುಗುತ್ತದೆ. ರಾತ್ರಿಯ ಬದುಕಿನಿಂದ ಬೆಳಗಿನ ಬದುಕಿಗೆ ಮರಳುವ ಹೊಣೆಯನ್ನು ಒಬ್ಬೊಬ್ಬರ ಮನೋಬಲಕ್ಕೆ ಬಿಡದೆ ಇಡೀ ಸಮಾಜ ಒಂದು ದಿನವನ್ನು ಗೊತ್ತುಮಾಡಿ ಹೊತ್ತುಕೊಂಡಿದೆ. ನಮ್ಮ ಶಾಲೆಗಳು ತೆರೆಯುವುದು ಅದಾದ ಕೆಲವೇ ದಿನಗಳಿಗೆ.

ಹೊಟ್ಟೆಗೂ ತನ್ನದೇ ಗಡಿಯಾರವಿದೆ. ಯಕೃತ್ತು, ಜಠರ, ಕೊಬ್ಬಿನ ಕೋಶಗಳು ಮೆದುಳಿನ ಮಾತನ್ನಷ್ಟೇ ಕೇಳುವುದಿಲ್ಲ, ಊಟದ ಹೊತ್ತನ್ನೂ ಕೇಳುತ್ತವೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಹತ್ತು ಜನರಿಗೆ ಮೂರೂ ಹೊತ್ತಿನ ಊಟವನ್ನು ಐದು ಗಂಟೆ ತಡಮಾಡಿ ಕೊಟ್ಟರು. ಮೆಲಟೋನಿನ್ ಇದ್ದಲ್ಲೇ ಇತ್ತು, ರಕ್ತದ ಸಕ್ಕರೆಯ ಏರಿಳಿತ ಮಾತ್ರ ಐದೂವರೆ ಗಂಟೆಗೂ ಹೆಚ್ಚು ತಡವಾಯಿತು. ರಜೆಯಲ್ಲಿ ಹನ್ನೊಂದಕ್ಕೆ ತಿಂಡಿ, ಮೂರಕ್ಕೆ ಊಟ ಮಾಡಿದ ಮಗುವಿಗೆ ಬೆಳಿಗ್ಗೆ ಏಳಕ್ಕೆ ಇಡ್ಲಿ ಸೇರದಿರುವುದು ಇದಕ್ಕೇ. ಏಳುವ ಹೊತ್ತಿನ ಜೊತೆಗೆ ತಿಂಡಿಯ ಹೊತ್ತನ್ನೂ ರಾತ್ರಿಯ ಊಟವನ್ನೂ ಅದೇ ಅರ್ಧ ಗಂಟೆಯ ಲೆಕ್ಕದಲ್ಲಿ ಹಿಂದೆ ತರಬೇಕು. ದೊಡ್ಡವರು ಸಂಜೆಯ ಕಾಫಿಯನ್ನೂ ನೋಡಿಕೊಳ್ಳಲಿ. ಕುಡಿದ ಕಾಫಿಯ ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು.

ಮೈ ಮರಳಿತು, ಪಾಠ ಮರಳುತ್ತದೆಯೇ? ಮಾರ್ಚ್‌ನಲ್ಲಿ ಬಾಯಿಪಾಠವಾಗಿದ್ದ ಮಗ್ಗಿ ಜೂನ್‌ನಲ್ಲಿ ತಡವರಿಸುತ್ತದೆ. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಮರೆಯಲು ಬಿಟ್ಟು, ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕಾಯಿತೆಂದು ಅಳೆದದ್ದನ್ನು ಪ್ರಕಟಿಸಿದ. ಒಂದು ತಿಂಗಳಾದ ಮೇಲೂ, ಎಲ್ಲ ಮರೆತುಹೋಗಿದೆ ಎನ್ನಿಸಿದಾಗಲೂ, ಎರಡನೇ ಸಲದ ಕಲಿಕೆಗೆ ಮೊದಲಿಗಿಂತ ಐದನೇ ಒಂದು ಭಾಗದಷ್ಟು ಹೊತ್ತು ಕಡಿಮೆ ಸಾಕಾಯಿತು. ನೆನಪಿಗೆ ಬಾರದ್ದು ಅಳಿಸಿಹೋಗಿರಲಿಲ್ಲ. ಅರ್ಥವಿಲ್ಲದ ಅಕ್ಷರಗಳ ಕತೆಯೇ ಹೀಗಿದ್ದರೆ ಅರ್ಥವಿರುವ ಪಾಠದಲ್ಲಿ ಉಳಿಕೆ ಇನ್ನೂ ಹೆಚ್ಚು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ವರ್ಷದ ಮೊದಲಿಗೆ ನಡೆಸುವ ಸೇತುಬಂಧ, ಹಿಂದಿನ ತರಗತಿಯ ಕಲಿಕೆಯನ್ನು ನೋಡಿ ಮತ್ತೆ ಹಸನು ಮಾಡುವ ಆ ದಿನಗಳು, ಈ ಕಾರಣಕ್ಕೆ ಬಹಳ ಬೆಲೆಯುಳ್ಳವು. ಪಠ್ಯ ಮುಗಿಸುವ ಅವಸರದಲ್ಲಿ ಅದನ್ನು ಕಾಟಾಚಾರಕ್ಕೆ ಮಾಡಿ ಮುಗಿಸುವ ಶಾಲೆಗಳು ತಮ್ಮ ಕೆಲಸವನ್ನೇ ಹೆಚ್ಚಿಸಿಕೊಳ್ಳುತ್ತವೆ.

ರೂಢಿಗಳೂ ಹೀಗೆಯೇ. ಎಮ್‌ಐಟಿಯ ಆನ್ ಗ್ರೇಬೀಲ್ ತಂಡ ಇಲಿಗಳಿಗೆ ಚಾಕೊಲೇಟಿನ ಆಸೆ ತೋರಿಸಿ ಒಂದು ಕವಲುದಾರಿಯಲ್ಲಿ ಓಡುವುದನ್ನು ಕಲಿಸಿತು. ರೂಢಿಯಾದಂತೆ ಮೆದುಳಿನ ಆಳದ ಕೋಶಗಳು ಓಟದ ಮೊದಲಲ್ಲೂ ಕೊನೆಯಲ್ಲೂ ಮಾತ್ರ ಜೋರಾಗಿ ಮಿಡಿಯತೊಡಗಿದವು, ನಡುವೆ ಶಾಂತವಾದವು. ಬಹುಮಾನ ನಿಲ್ಲಿಸಿದಾಗ ಆ ಮಿಡಿತದ ವಿನ್ಯಾಸ ಮಾಯವಾಯಿತು. ಬಹುಮಾನ ಮರಳಿ ಕೊಟ್ಟಾಗ ಹಳೆಯ ವಿನ್ಯಾಸವೇ ಬೇಗನೆ ಮರಳಿ ಬಂತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ರಜೆ ಮುಗಿಸಿದವರಿಗೆಲ್ಲ ದೊಡ್ಡ ಧೈರ್ಯ. ಬಿಟ್ಟುಹೋದ ಬೆಳಗಿನ ನಡಿಗೆ, ಓದು, ಸಂಗೀತದ ಅಭ್ಯಾಸ ಯಾವುದನ್ನೂ ಸೊನ್ನೆಯಿಂದ ಕಟ್ಟಬೇಕಿಲ್ಲ. ಹಳೆಯ ಜಾಗದಲ್ಲಿ, ಹಳೆಯ ಹೊತ್ತಿನಲ್ಲಿ, ಹಳೆಯ ಮೊದಲ ಹೆಜ್ಜೆಯನ್ನು ಇಟ್ಟರೆ ಮುಂದಿನದನ್ನು ಮೆದುಳು ಹುಡುಕಿಕೊಡುತ್ತದೆ. ಲಂಡನ್‌ನಲ್ಲಿ ಫಿಲಿಪಾ ಲಾಲಿ ರೂಢಿಗಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ ನಡುವೆ ಒಂದು ದಿನ ತಪ್ಪಿದರೂ ರೂಢಿ ಕಟ್ಟುವ ಕೆಲಸಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಿರಲಿಲ್ಲ.

ಹಾಗಾದರೆ ರಜೆಯಲ್ಲೂ ಆರಕ್ಕೇ ಎದ್ದರಾಯಿತಲ್ಲ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ತಾರಸಿಯ ಮೇಲಿನ ಮಾತು, ರಾತ್ರಿಯಿಡೀ ನೋಡಿದ ಬಯಲಾಟ ಬಾಲ್ಯದ ಆಸ್ತಿ. ಅದನ್ನು ಕಿತ್ತುಕೊಳ್ಳಬಾರದು, ಮರಳುವ ದಾರಿಗೆ ಒಂದು ವಾರ ಕೊಡಬೇಕು ಅಷ್ಟೆ. ದೊಡ್ಡವರಿಗೂ ಇದು ಅನ್ವಯಿಸುತ್ತದೆ. ನೆದರ್‌ಲ್ಯಾಂಡ್ಸ್‌ನ ಉದ್ಯೋಗಿಗಳ ಮೇಲೆ ಜೆಸಿಕಾ ಡ ಬ್ಲೂಮ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘ ರಜೆಯ ನೆಮ್ಮದಿ ಎಂಟನೆಯ ದಿನ ಅತಿ ಹೆಚ್ಚಿತ್ತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ರಜೆಗೆ ಮುಂಚಿನ ಮಟ್ಟಕ್ಕೆ ಇಳಿದಿತ್ತು. ಪ್ರವಾಸದಿಂದ ಭಾನುವಾರ ಮಧ್ಯರಾತ್ರಿ ಮನೆ ಸೇರಿ ಸೋಮವಾರ ಬೆಳಿಗ್ಗೆ ಕಚೇರಿಗೆ ಓಡುವ ಬದಲು ಎರಡು ದಿನ ಮುಂಚೆ ಬಂದರೆ ಒಳ್ಳೆಯದು.

ಶಿಕ್ಷಕರಲ್ಲಿ ನನ್ನ ಕೋರಿಕೆ: ಮೊದಲ ವಾರ ಬೆಳಗಿನ ಮೊದಲ ಅವಧಿಯಲ್ಲಿ ಪರೀಕ್ಷೆ ಇಡಬೇಡಿ, ಗಣಿತವನ್ನು ಎರಡನೇ ಮೂರನೇ ಅವಧಿಗೆ ಸರಿಸಿ, ಆ ಮೊದಲ ಹೊತ್ತಿನಲ್ಲಿ ಮಕ್ಕಳನ್ನು ಮೈದಾನಕ್ಕೆ ಬಿಡಿ. ತಂದೆತಾಯಿಯರಲ್ಲಿ ಕೋರಿಕೆ: ಶಾಲೆ ತೆರೆಯುವ ದಿನದಿಂದ ಹಿಂದಕ್ಕೆ ಎಣಿಸಿ ಎಂಟನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಂದಿನಿಂದ ದಿನಕ್ಕೆ ಅರ್ಧ ಗಂಟೆ ಬೇಗ ಎಬ್ಬಿಸಿ, ಎಬ್ಬಿಸಿದ ಕೂಡಲೇ ಮಗುವನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗಿ, ನೀವೂ ಜೊತೆಗೆ ಹೋಗಿ. ಮೂರು ನಾಲ್ಕು ವಾರ ಹೀಗೆ ನಡೆಸಿದ ಮೇಲೂ ರಾತ್ರಿ ಎರಡು ಮೂರರವರೆಗೆ ನಿದ್ರೆ ಬಾರದಿದ್ದರೆ ಬೈಯಬೇಡಿ, ವೈದ್ಯರಿಗೆ ತೋರಿಸಿ. ಅಂಥ ತೊಂದರೆಗೆ ಚಿಕಿತ್ಸೆ ಇದೆ.